ಅಮ್ಮ ಬಿಟ್ಟ ಮಂಡಕ್ಕಿ

ನಮ್ಮಮ್ಮ ಮಂಡಕ್ಕಿ ಬಿಟ್ಟು ಏಳು ತಿಂಗಳಾಯಿತು.

ದಾವಣಗೆರೆ ಸೀಮೆಯವರಿಗೆ ಇದರ ಗಾಂಭೀರ್ಯ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನ್ಯಾಮತಿಯಲ್ಲಿ ಅಮ್ಮನದೊಂದು ಪುಟ್ಟ ಹೊಲಿಗೆ ಅಂಗಡಿ. ಸಂಜೆ ಮಿಷನ್ನಿಗೆ ಬಟ್ಟೆ ಹೊದಿಸಿದ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪ್ಲೇಟ್ ಖಾರ ಮಂಡಕ್ಕಿ, ಜೊತೆಗೆ ಎರಡು ಬಿಸಿ ಮೆಣಸಿನಕಾಯಿ ಬಜ್ಜಿ. ನನಗೆ ಬುದ್ಧಿ ಬಂದಾಗಿನಿಂದ ಇದು ತಪ್ಪಿದ್ದಿಲ್ಲ. (ಜ್ವರ ಬಂದರೆ ಪಾರ್ಸೆಲ್ ತರಿಸುತ್ತಿದ್ದಳು.)

ಬಿಟ್ಟಿದ್ದು ನನಗಾಗಿ. ಈ ಅಂಕಣ ನಡುನಡುವೆ ತಪ್ಪಿದಾಗ ನಿಮ್ಮಲ್ಲಿ ಕೆಲವರು ವಿಚಾರಿಸಿದ್ದಿರಿ. ಊರಲ್ಲಿರಲಿಲ್ಲ ಎಂದು ಹಾರಿಕೆಯ ಉತ್ತರ ಕೊಟ್ಟಿದ್ದೆ. ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಇದೊಂದು ವಾಕ್ಯ ಬರೆಯಲು ಇಷ್ಟು ದಿನ ಬೇಕಾಯಿತು. ಇದಕ್ಕಿಂತ ಹೆಚ್ಚಿನ ವಿವರ ಕೇಳಬೇಡಿ.

ರಿಪೋರ್ಟ್ ಬಂದ ದಿನ ಅಮ್ಮ ಅಳಲಿಲ್ಲ. ಸೀದಾ ವೀರಭದ್ರನ ಗುಡಿಗೆ ಹೋಗಿ, "ಮಗಳ ಟ್ರೀಟ್‌ಮೆಂಟ್ ಮುಗಿಯೋತನಕ ಮಂಡಕ್ಕಿ ಮುಟ್ಟಲ್ಲ" ಎಂದು ಹರಕೆ ಹೊತ್ತು ಬಂದಳು. ನಾನು ಸಿಡುಕಿದೆ. ನನ್ನ ಗಡ್ಡೆಗೂ ಅವಳ ಮಂಡಕ್ಕಿಗೂ ಎಲ್ಲಿಯ ಸಂಬಂಧ?

ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ದಾವಣಗೆರೆ, ಕೀಮೋ. ಏನು ಕೇಳಿದರೂ ಡಾಕ್ಟರದು ಒಂದೇ ಉತ್ತರ: "ಮೂರು ವಾರ ಬಿಟ್ಟು ಬನ್ನಿ, ನೋಡೋಣ." ನನ್ನ ಕ್ಯಾಲೆಂಡರ್ ಕೂಡ ಮೂರು ವಾರಕ್ಕೇ ಮುಗಿಯುತ್ತಿತ್ತು. ಗೆಳತಿ ತನ್ನ ಮದುವೆಯ ತಾರೀಖು ಹೇಳಿದಾಗ ಬರೆದುಕೊಳ್ಳಲು ಕೈ ಬರಲಿಲ್ಲ. ಅಷ್ಟು ದೂರದ್ದನ್ನು ಬರೆಯುವುದು ದುರಾಸೆ ಅನ್ನಿಸಿತ್ತು.

ಕಳೆದ ತಿಂಗಳು ಕೊನೆಯ ಕೀಮೋ ಆಯಿತು. ಕಳೆದ ವಾರ ಸ್ಕ್ಯಾನ್ ನೋಡಿದ ಡಾಕ್ಟರ್ ಮೊದಲ ಸಲ ನಕ್ಕರು. "ಚೆನ್ನಾಗಿದೆ. ಇನ್ನು ದಿನಕ್ಕೊಂದು ಮಾತ್ರೆ, ಐದು ವರ್ಷ."

ಐದು ವರ್ಷ! ನನ್ನ ಮುಖ ಇಳಿಯಿತು. ಅಮ್ಮ ಮೆಲ್ಲಗೆ ಕೇಳಿದಳು, "ಮೇಡಂ, ಮಾತ್ರೆನೂ ಟ್ರೀಟ್‌ಮೆಂಟ್‌ನಾಗೆ ಬರತೈತೇನ್ರಿ?"

"ಮತ್ತೆ? ಅದೂ ಟ್ರೀಟ್‌ಮೆಂಟೇ."

ಅವಳು ಯಾಕೆ ಕೇಳಿದಳೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ವಾಪಸ್ ಬರುವಾಗ ಹೊನ್ನಾಳಿಯಲ್ಲಿ ಬಸ್ ನಿಂತಿತು. ಕಿಟಕಿಯ ಹೊರಗೆ ಯಾರೋ ಮೆಣಸಿನಕಾಯಿ ಕರಿಯುತ್ತಿದ್ದರು. ತಿಂಗಳುಗಳ ಕಾಲ ಹೊಟ್ಟೆ ತೊಳಸುತ್ತಿದ್ದ ಆ ಎಣ್ಣೆಯ ವಾಸನೆ ಅವತ್ತು ಹಿತವಾಗಿತ್ತು. ಅಮ್ಮ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

"ಗುಡಿಗೆ ಹೋಗಿ, ಕೀಮೋ ಮುಗಿಯೋತನಕ ಅನ್ನಬೇಕಿತ್ತು, ತಪ್ಪಾಯ್ತು ಅಂತ ಹೇಳಿ ಬಾರಮ್ಮ" ಎಂದೆ.

"ದೇವ್ರ ಹತ್ರ ಚೌಕಾಸಿ ಮಾಡಾಕೆ ಅದೇನು ಸಂತೆ ಬದನೆಕಾಯೇನೆ? ಸುಮ್ನೆ ಕೂತ್ಕೋ."

"ಐದು ವರ್ಷ ಅಮ್ಮ!"

"ಹೂಂ, ಐದು ವರ್ಷ!" ನನ್ನ ಕಡೆ ತಿರುಗಿದಳು. ನಗುತ್ತಿದ್ದಳು. "ಇಷ್ಟು ದಿನ ಆಯಮ್ಮ ಮೂರು ವಾರದಾಚೆಗೆ ಒಂದು ಮಾತು ಆಡಿದ್ದಿಲ್ಲ. ಇವತ್ತು ತಾನಾಗೇ ಐದು ವರ್ಷದ ಮಾತಾಡಿದ್ಲು. ಅಷ್ಟು ಓದೀಯ, ಅದು ಕೇಳಿಸ್ಲಿಲ್ಲೇನೆ ನಿಂಗೆ?"

ಕೇಳಿಸಿರಲಿಲ್ಲ. ನಾನು ಗುಳಿಗೆ ಎಣಿಸುತ್ತಾ ಕೂತಿದ್ದೆ. ಅದೇ ಮಾತಿನಲ್ಲಿ ಅವಳಿಗೆ ನನ್ನ ಐದು ವರ್ಷ ಸಿಕ್ಕಿತ್ತು.

ಹಾಗೆಂದು ಹರಕೆಯ ಮೇಲೆ ನನಗೆ ನಂಬಿಕೆ ಬಂತೆ? ಗೊತ್ತಿಲ್ಲ. ಹರಕೆ ಹೊತ್ತವಳ ಮೇಲಂತೂ ಬಂದಿದೆ. ಮನೆಗೆ ಹೋದವಳೇ ಗೆಳತಿಯ ಮದುವೆಯ ತಾರೀಖು ಬರೆದುಕೊಂಡೆ.

ಅದಕ್ಕೂ ಮುಂಚೆ, ನ್ಯಾಮತಿಯಲ್ಲಿ ಬಸ್ ಇಳಿದಾಗ ಬಾಣಲೆ ಮುಂದೆ ನಿಂತಿದ್ದ ಮಂಡಕ್ಕಿ ಅಂಗಡಿಯವರು ಅಮ್ಮನನ್ನು ತಡೆದಿದ್ದರು. "ಏನಕ್ಕಾ, ನಮ್ಮ ಅಂಗಡಿ ಮರ್ತೇಬಿಟ್ರಾ? ಏನು ತಪ್ಪು ಮಾಡೀವಿ ಹೇಳ್ರಿ."

"ತಪ್ಪೇನಿಲ್ಲಪ್ಪಾ. ಐದು ವರ್ಷ ಬಿಟ್ಟು ಬರ್ತೀನಿ, ಇವಳನ್ನೂ ಕರ್ಕೊಂಡು. ಎರಡು ಪ್ಲೇಟ್ ಇಟ್ಟಿರು."

ಇಷ್ಟು ಮುಂಚೆ ನನ್ನ ಹೆಸರಿನಲ್ಲಿ ಪ್ಲೇಟ್ ಬುಕ್ ಆದ ಮೇಲೆ, ಹೋಗದೆ ಇರುವುದು ಹೇಗೆ ಹೇಳಿ?