ಅರವತ್ತೊಂದು ಕೆ.ಜಿ. ಮರಳಿನ ಮೂಟೆ

ಬೆಳಗಿನ ಆರು ಗಂಟೆ. ಅರಸೀಕೆರೆ ರೈಲ್ವೆ ನಿಲ್ದಾಣದ ಹಿಂದೆ ಏಳುತ್ತಿರುವ ಕಟ್ಟಡದ ಎರಡನೇ ಮಹಡಿಯಲ್ಲಿ ದೇವೀರಮ್ಮ ಮಂಡಿಯೂರಿ ಕೂತಿದ್ದಾರೆ. ಮೇಲಿಂದ ಬಿದ್ದವರನ್ನು ಹಿಡಿಯಲು ಹೊರಗೆ ಚಾಚಿ ಕಟ್ಟಿದ ಬಲೆಯನ್ನು ಅಂಚಿನಿಂದ ಅಂಚಿಗೆ ಬೆರಳಲ್ಲಿ ತಡವುತ್ತಾರೆ. ವೆಲ್ಡಿಂಗ್ ಕಿಡಿ ಬಿದ್ದು ಎಲ್ಲಾದರೂ ಸುಟ್ಟಿದೆಯೇ ಎಂಬ ಹುಡುಕಾಟ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದಂತೆ. ಕೆಳಗೆ ಹದಿನೆಂಟು ಜನ ಗಾರೆಯವರು ಟೀ ಕುಡಿಯುತ್ತ ಕಾದಿದ್ದಾರೆ. ಈಯಮ್ಮ ಹೂಂ ಅನ್ನದೆ ಯಾರೂ ಹತ್ತುವಂತಿಲ್ಲ, ಕಂಟ್ರಾಕ್ಟರ್ ಚಿದಂಬರ ಕೂಡ.

ಗಂಟುಗಳು ನೂರ ನಲವತ್ತು. ಎಲ್ಲವನ್ನೂ ಎಳೆದು ನೋಡಿದ ಮೇಲೆ ಮೂಟೆಯ ಸರದಿ. ಮೇಲಿನ ಮಹಡಿಯಿಂದ ಇಬ್ಬರು ಮರಳಿನ ಮೂಟೆಯೊಂದನ್ನು ಬಲೆಗೆ ಉರುಳಿಸುತ್ತಾರೆ. ಬಲೆ ಜಗ್ಗಿ, ತೂಗಾಡಿ ನಿಲ್ಲುತ್ತದೆ. ಮೂಟೆಯ ತೂಕ ಅರವತ್ತೊಂದು ಕೆ.ಜಿ. ಅರವತ್ತಲ್ಲ, ಅರವತ್ತೆರಡೂ ಅಲ್ಲ. ಇದ್ಯಾವ ಲೆಕ್ಕ ಎಂದು ನಗುತ್ತಾ ಕೇಳಿ ನಾನು ಪೆಚ್ಚಾದೆ. ಅದು ಅವರ ಗಂಡ ಮರಿಯಣ್ಣನವರ ತೂಕ. ನಿಲ್ದಾಣದ ಯಂತ್ರಕ್ಕೆ ನಾಣ್ಯ ಹಾಕಿ ತೂಕ ನೋಡಿಕೊಂಡ ಚೀಟಿ ಇನ್ನೂ ಇವರ ಎಲೆಅಡಿಕೆ ಚೀಲದಲ್ಲಿದೆ.

ಮರಿಯಣ್ಣನವರೂ ಗಾರೆ ಕೆಲಸದವರೇ. ಹನ್ನೆರಡು ವರ್ಷದ ಹಿಂದೆ ದೇವೀರಮ್ಮನ ತಮ್ಮ ಹುಲಿಕೆರೆಯಿಂದ ಟೆಂಪೊದಲ್ಲಿ ತೆಂಗಿನಕಾಯಿ ತರುವವನಿದ್ದ. ಕಾಯಿ ಉದುರದಂತೆ ಮೇಲೆ ಬಿಗಿಯಲು ಬಲೆ ಬೇಕಿತ್ತು. ಕೆಲಸದ ಜಾಗದ್ದನ್ನೇ ಬಿಚ್ಚಿ ಕೊಡಿ, ಬೆಳಗಾಗುವುದರೊಳಗೆ ವಾಪಸ್ ಬರುತ್ತದೆ ಎಂದು ಗಂಡನನ್ನು ಕೇಳಿದವರು ದೇವೀರಮ್ಮನೇ. ತೆಂಗಿನ ಸೀಮೆಯಲ್ಲಿ ಬಲೆ ಅಂದರೆ ಮೊದಲು ನೆನಪಾಗುವುದು ಕಾಯಿ, ಮನುಷ್ಯರಲ್ಲ. ಟೆಂಪೊ ಜಾವಗಲ್ ಹತ್ತಿರ ಕೆಟ್ಟು ನಿಂತಿತು. ಇನ್ನೇನು ಬಂದೇಬಿಡುತ್ತದೆ ಎಂದುಕೊಂಡು ಮರಿಯಣ್ಣ ಬಲೆಯಿಲ್ಲದೆಯೇ ಮೂರನೇ ಮಹಡಿ ಹತ್ತಿದರು. ಬಲೆ ಬರುವಷ್ಟರಲ್ಲಿ ಬಿದ್ದು ತೀರಿಕೊಂಡಿದ್ದರು.

"ಒಂದು ಕಾಯೂ ಉದುರಿರ್ಲಿಲ್ಲ ಕಣ್ರೀ," ಅನ್ನುತ್ತಾರೆ ದೇವೀರಮ್ಮ. "ಅಷ್ಟು ಬಿಗಿಯಾಗಿ ಕಟ್ಟಿದ್ದ ನನ್ ತಮ್ಮ."

ವರ್ಷ ಕಳೆದ ಮೇಲೆ ಬಲೆ ಕಟ್ಟುವ ಕೆಲಸ ಕೊಡಿ ಎಂದು ಬಂದಾಗ ಜನ ನಕ್ಕರಂತೆ. ಹೆಂಗಸಿಗೆ ಇದೆಲ್ಲ ಆಗುತ್ತದೆಯೇ ಅಂದರಂತೆ. ಈಗ ಹಗರೆ, ಬೇಲೂರಿನಿಂದಲೂ ಕರೆ ಬರುತ್ತದೆ. ಕಟ್ಟಡ ಏರಿದಂತೆ ಬಲೆಯೂ ಏರಬೇಕು, ಬಿದ್ದ ಗಾರೆ ಚೂರನ್ನೆಲ್ಲ ಹೆಕ್ಕಬೇಕು. ಐವತ್ತೆರಡರ ಮಂಡಿ ಸಂಜೆಗೆ ಮಾತು ಕೇಳುವುದಿಲ್ಲ. ಹೊಸ ಕಟ್ಟಡಗಳ ಗೃಹಪ್ರವೇಶಕ್ಕೆ ಇವರನ್ನು ಕರೆದವರಿಲ್ಲ. ನನಗೆ ಅದೇ ಸಿಟ್ಟು, ಅವರಿಗಿಲ್ಲ.

ಹೋದ ತಿಂಗಳು ಹಲಗೆ ಜಾರಿ ಭೀಮರಾಜ್ ಎಂಬ ಗಾರೆಯವನು ಇದೇ ಬಲೆಗೆ ಬಿದ್ದ. ಮೊಣಕೈ ತರಚಿತು, ಅಷ್ಟೇ. ಹಲಗೆಯನ್ನು ಬೈದುಕೊಂಡು ಎದ್ದು, ಮೆಟ್ಟಿಲಿಳಿದು ಬಂದು ದೇವೀರಮ್ಮನ ಕಾಲು ಮುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಈಯಮ್ಮ ಅವನ ತೂಕ ಎಷ್ಟೆಂದು ಕೇಳಿದರಂತೆ. ಎಪ್ಪತ್ತು ಅಂದನಂತೆ. ಆಮೇಲೆ ಮರಳಿನ ರಾಶಿಯ ಮೇಲೆ ಕೂತು ಬಹಳ ಹೊತ್ತು ಅತ್ತರಂತೆ.

ಯಾಕೆ ಅತ್ತಿರಿ ಎಂದು ಕೇಳಿದೆ. ಅವರು ಮೆಟ್ಟಿಲ ಕಡೆಗೇ ನೋಡುತ್ತಿದ್ದರು.

"ಎಪ್ಪತ್ತು ತಡೆದೈತೆ. ಅರವತ್ತೊಂದು ಯಾವ ಮಹಾ, ಹೇಳಿ? ಅವತ್ತು ಅವ್ರೂ ಹಿಂಗೇ ಬೈಕೊಂಡು, ಮೊಣಕೈ ಉಜ್ಕೊಂಡು, ಇಳಿದು ಬತ್ತಿದ್ರು."