ಬ್ರೇಕಣ್ಣ ಪರೀಕ್ಷಿಸಿದ ಹೊಸ ಆ್ಯಪ್

ಇಪ್ಪತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿರುವ ಈ ಮನುಷ್ಯನಿಗೆ ಜೊತೆಯ ಕೆಲಸಗಾರರು ಇಟ್ಟ ಹೆಸರು ಬ್ರೇಕಣ್ಣ. ಹೊಸ ಲಿಫ್ಟ್ ಎಷ್ಟೇ ಥಳಥಳಿಸಲಿ, ಅದು ಹೇಗೆ ಮೇಲೇರುತ್ತದೆ ಎಂದು ಅವನು ನೋಡುವುದಿಲ್ಲ. ಹೇಗೆ ನಿಲ್ಲುತ್ತದೆ, ಒಳಗಿನ ಗಂಟೆ ಒತ್ತಿದರೆ ಯಾರಾದರೂ ಬರುತ್ತಾರೋ ಇಲ್ಲವೋ ಎಂದು ನೋಡುತ್ತಾನೆ. ಇವೆರಡೂ ಸರಿಯಿದ್ದರೆ ಸಹಿ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಅವನಷ್ಟು ನಂಬಿದವರು ಕಡಿಮೆ.

ವಯಸ್ಸು ನಲವತ್ತಾರು. ವಿಚ್ಛೇದನವಾಗಿ ಒಂಬತ್ತು ವರ್ಷ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಹಿಂದೊಮ್ಮೆ ಎಲ್ಲರೂ ಬಳಸುವ ದೊಡ್ಡ ಡೇಟಿಂಗ್ ಆ್ಯಪಿಗೆ ಸೇರಿದ್ದ. ಅಲ್ಲಿ ಸಂತೆಯಷ್ಟು ಮುಖಗಳು, ಮಾತು ಮಾತ್ರ ಒಂದೂ ಇಲ್ಲ. ಎರಡು ವರ್ಷ ಬರೆದು ಬರೆದು ಬೆರಳು ಸವೆದ ಮೇಲೆ ಉತ್ತರ ಕೊಟ್ಟ ಒಬ್ಬಳೇ ಒಬ್ಬಳೂ ಮನುಷ್ಯಜೀವಿಯಲ್ಲ, ಯಾವುದೋ ಯಂತ್ರ ಎಂದು ತಿಳಿದಾಗ ನಾಚಿಕೆಯಾಗಿ ಬಿಟ್ಟುಬಂದ. ಬಿಟ್ಟ ಮೇಲೂ ಅವನ ಫೋಟೋ ತಿಂಗಳುಗಟ್ಟಲೆ ಅಲ್ಲೇ ಉಳಿದಿತ್ತು. ಕೆಲಸ ಮುಗಿಸಿ ಬಂದಾಗ ಆ ದಿನದ ಸುದ್ದಿ ಹೇಳಿಕೊಳ್ಳಲು ಒಬ್ಬರಿರಲಿ ಎಂಬ ಆಸೆಯನ್ನು ಮಾತ್ರ ಬಿಡಲಾಗಲಿಲ್ಲ.

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಒಂದು ದಿನ ಅವನ ಫೋನ್ ಕಸಿದುಕೊಂಡಳು.

"ಮಾಮ, ಹೊಸ ಆ್ಯಪ್ ಬಂದಿದೆ. ನಲವತ್ತು ದಾಟಿದವರಿಗೆ ಮಾತ್ರ. ಹಾಕ್ಲಾ?"

"ಹೊಸದು ಅಂದ್ರೆ ಜನ ಇರಲ್ಲ ಕಣೆ. ಖಾಲಿ ಕಟ್ಟಡಕ್ಕೆ ಲಿಫ್ಟ್ ಯಾಕೆ?"

"ಎಷ್ಟು ಜನ ಇದಾರೆ ಅಂತ ಅವರನ್ನೇ ಕೇಳು."

ಕೇಳಿದ. ಅವನ ಮಟ್ಟಿಗೆ ಅದು ಗಂಟೆ ಒತ್ತಿ ನೋಡಿದ ಹಾಗೆ. ಮಾರನೆಯ ದಿನವೇ ಉತ್ತರ ಬಂತು: ನಿಮ್ಮ ಊರಿನಲ್ಲಿ ಸದ್ಯ ಮುನ್ನೂರ ಹನ್ನೆರಡು ಮಂದಿ, ಅವರಲ್ಲಿ ಹೆಂಗಸರು ನೂರ ನಲವತ್ತು, ಕಡಿಮೆ ಅನಿಸಿದರೆ ಆರು ತಿಂಗಳು ಬಿಟ್ಟು ಬನ್ನಿ. ಲಕ್ಷಾಂತರ ಎಂದು ಬೊಗಳೆ ಬಿಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರಲ್ಲ ಎಂದು ಅವನಿಗೆ ಅರ್ಧ ಮನಸ್ಸು ಬಂತು.

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಸ್ವಲ್ಪ ಹಳೇದಾಗ್ಲಿ, ಆಮೇಲೆ ನೋಡು," ಎಂದು ಅಕ್ಕ ಅಡುಗೆಮನೆಯಿಂದಲೇ ಅಂದಳು.

ಮುಖ ತೋರಿಸದವರನ್ನು ಒಳಗೆ ಬಿಡುವುದಿಲ್ಲ, ಫೋನ್ ನಂಬರ್ ಯಾರಿಗೂ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಒಂದೇ ತಿಂಗಳು ಎಂದು ಗಡುವು ಹಾಕಿಕೊಂಡು ಸೇರಿದ. ಹತ್ತನೇ ದಿನ, ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸದವಳೊಬ್ಬಳು ಬರೆದಳು: "ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡವರ ಹತ್ತಿರ ಮೊದಲು ಏನು ಮಾತಾಡ್ತೀರಿ?"

ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. "ಮನೇಲಿ ಯಾರು ಕಾಯ್ತಿದಾರೆ ಅಂತ ಕೇಳ್ತೀನಿ. ಆ ಮಾತು ಶುರುವಾದ್ರೆ ಭಯ ಹೋಗುತ್ತೆ," ಎಂದು ಬರೆದ. "ನಿಮ್ಮ ಮನೇಲಿ?" ಎಂದಳು ಅವಳು. ಅಲ್ಲಿಂದ ಮಾತು ಬೆಳೆಯಿತು. ಎರಡು ವಾರ ಅಂಟು, ದಾರ, ಗ್ರೀಸು, ಮೊಣಕಾಲು ನೋವು ಎಲ್ಲ ಆಯಿತು. ಭಾನುವಾರ ಸಂಜೆ ನಾಲ್ಕಕ್ಕೆ ಗ್ರಂಥಾಲಯದ ಮೆಟ್ಟಿಲ ಬಳಿ ಸಿಗೋಣ ಎಂದು ನಿಶ್ಚಯವೂ ಆಯಿತು. ಅವನು ಹೊಸ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದ.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹಳೇ ಚಾಳಿ ಕೆರಳಿತು. ಎಲ್ಲ ನೋಡಿದೆ, ಬ್ರೇಕೇ ನೋಡಲಿಲ್ಲವಲ್ಲ. ಬೇಡವೆಂದಾಗ ಈ ಆ್ಯಪ್ ನಮ್ಮನ್ನು ನಿಜಕ್ಕೂ ಬಿಡುತ್ತದೆಯೋ, ಹಳೆಯದರಂತೆ ಮುಖ ಹಿಡಿದಿಟ್ಟುಕೊಳ್ಳುತ್ತದೆಯೋ? "ಖಾತೆ ಅಳಿಸಿ" ಎಂಬಲ್ಲಿ ಒತ್ತಿದ. ಖಚಿತವೇ ಎಂದು ಕೇಳಿತು. ಬ್ರೇಕನ್ನು ಪೂರ್ತಿ ಹಾಕಿ ನೋಡದಿದ್ದರೆ ಅದು ಪರೀಕ್ಷೆಯೇ ಅಲ್ಲ, ಆಮೇಲೆ ಸ್ವಿಚ್ ಹಾಕಿದರೆ ಲಿಫ್ಟ್ ಮತ್ತೆ ಓಡುತ್ತದೆ ಎಂಬುದು ಅವನ ಎಣಿಕೆ. ಮತ್ತೆ ಒತ್ತಿದ. ಅವನ ಮುಖ, ಅವಳ ಮುಖ, ಎರಡು ವಾರದ ಮಾತು ಎಲ್ಲ ಒಂದೇ ಏಟಿಗೆ ಹೋಯಿತು.

"ಆ್ಯಪ್ ಪಾಸಾಯ್ತು ಮಾಮ. ನೀನೇ ಫೇಲು," ಎಂದಳು ಸಂಜೆ ವಿಷಯ ಕೇಳಿದ ಅಕ್ಕನ ಮಗಳು. ಅವನನ್ನು ಹೊಸದಾಗಿ ಸೇರಿಸಿದಳು. ಎಷ್ಟು ಹುಡುಕಿದರೂ ಬೈಂಡಿಂಗಿನವಳು ಕಾಣಲಿಲ್ಲ. ಬೇಸರಪಟ್ಟು ತಾನೂ ಹೊರಟುಹೋಗಿರಬೇಕು. ಅವರಿಗೆ ಒಂದೇ ಒಂದು ಮಾತು ಮುಟ್ಟಿಸಿ ಎಂದು ಆ್ಯಪಿನವರನ್ನು ಬೇಡಿಕೊಂಡ. ಯಾರೇ ಕೇಳಿದರೂ ಒಬ್ಬರಿಗಾಗಿ ಇನ್ನೊಬ್ಬರನ್ನು ಹುಡುಕಿಕೊಡುವುದಿಲ್ಲ, ಕ್ಷಮಿಸಿ ಎಂದು ಅವರು ಬರೆದರು. ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದ ಮೇಲೆ, ಇದೇ ಉತ್ತರವನ್ನು ಯಾವನೋ ಪೋಲಿಗೆ ಕೊಟ್ಟಿದ್ದರೆ ಭೇಷ್ ಅನ್ನುತ್ತಿದ್ದೆನಲ್ಲ ಎಂದು ಹೊಳೆಯಿತು. ಆ್ಯಪ್ ಒಳ್ಳೆಯದೇ. ಆದರೆ ಹೇಳದೆ ಕೇಳದೆ ಮಾಯವಾದವನನ್ನು ನೋಡಲು ಅವಳು ಯಾಕಾದರೂ ಬರುತ್ತಾಳೆ?

ಆದರೂ ಭಾನುವಾರ ಮೂರೂವರೆಗೇ ಹೋಗಿ ಮೆಟ್ಟಿಲ ಬಳಿ ನಿಂತ. ನಾಲ್ಕಾಯಿತು, ನಾಲ್ಕೂಕಾಲಾಯಿತು. ಪುಸ್ತಕ ಹಿಂದಿರುಗಿಸಲು ಬಂದವರನ್ನೆಲ್ಲ ಅವನು ಆಸೆಯಿಂದ ನೋಡಿದ. ನಾಲ್ಕೂವರೆಗೆ ಒಬ್ಬಳು ರಸ್ತೆ ದಾಟಿ ನೇರ ಅವನೆದುರು ಬಂದು ನಿಂತಳು. ಫೋಟೋದಲ್ಲಿದ್ದ ನಗು ಇರಲಿಲ್ಲ.

"ಬೈಯೋಕೆ ಬಂದೆ," ಎಂದಳು. "ಅಲ್ಲೇ ಬೈಯೋಣ ಅಂದ್ರೆ ನೀವೇ ಇರಲಿಲ್ಲ."

ಫೋನ್ ಕೆಟ್ಟಿತ್ತು ಎಂದಿದ್ದರೆ ನಡೆದುಹೋಗುತ್ತಿತ್ತು. ಅವನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಬ್ರೇಕ್ ಟೆಸ್ಟ್ ಮಾಡಿದೆ," ಎಂದು ಶುರುಮಾಡಿ ನಡೆದದ್ದನ್ನೆಲ್ಲ ಹೇಳಿದ.

ಅವಳು ನಗಲಿಲ್ಲ. "ನನ್ನ ಗಂಡನೂ ಹೀಗೇ ಒಂದು ಮಾತೂ ಹೇಳದೆ ಎದ್ದು ಹೋದವರು. ಈ ಎರಡು ದಿನ, ನಿಮಗೆ ಏನು ತಪ್ಪು ಬರೆದೆ ಅಂತ ನೆನಪು ಮಾಡ್ಕೊಂಡು ಕೂತಿದ್ದೆ."

ಇಷ್ಟು ನಾಚಿಕೆ ಬ್ರೇಕಣ್ಣನಿಗೆ ಎಂದೂ ಆಗಿರಲಿಲ್ಲ.

"ಬ್ರೇಕ್ ನೋಡೋ ಮುಂಚೆ ಒಳಗೆ ಯಾರೂ ಇಲ್ಲ ಅಂತ ನೋಡ್ಕೋಬೇಕು. ನಮ್ಮ ಕೆಲಸದಲ್ಲಿ ಕಲಿಸೋ ಮೊದಲನೇ ಪಾಠ ಅದು," ಎಂದ. "ಒಳಗೆ ನೀವಿದ್ರಿ. ನಾನು ನೋಡ್ಲಿಲ್ಲ. ತಪ್ಪಾಯ್ತು."

ಅವಳು ಬೈಯಲು ತಂದಿದ್ದ ಮಾತುಗಳು ಅಲ್ಲಿಗೇ ಮುಗಿದವೋ ಏನೋ, "ಫೋನ್ ತೆಗೀರಿ," ಎಂದು ತನ್ನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದಳು. ಅವನು ಒತ್ತಿದ. ಎರಡಡಿ ದೂರದಲ್ಲಿ ಅವಳ ಕೈಚೀಲ ಗುಂಯ್‌ಗುಟ್ಟಿತು. ಅವಳು ಫೋನ್ ತೆಗೆದು ಕಿವಿಗಿಟ್ಟು, ಅವನ ಮುಖವನ್ನೇ ನೋಡುತ್ತ, "ಹೇಳಿ, ಇಲ್ಲೇ ಇದ್ದೀನಿ," ಎಂದಳು.