ಉಸಿರಾಡಿದ ಪರಸಿ

ನಿನ್ನೆ ಬೆಳಿಗ್ಗೆ ತಟ್ಟೆಯಲ್ಲಿದ್ದ ಚುರುಮುರಿ ಸುಸಲಾದ ಮೇಲೆ ನಿಂಬೆಹಣ್ಣು ಹಿಂಡುವಾಗ ನಾಲ್ಕು ಹನಿ ನೆಲಕ್ಕೆ ಬಿದ್ದವು. ನಮ್ಮದು ಶಹಾಬಾದದ ಪರಸಿ ಕಲ್ಲಿನ ನೆಲ; ಹುಳಿ ಬಿದ್ದರೆ ಕಲೆ ಉಳಿಯುತ್ತದೆ. ಹೆಂಡತಿ ಒರೆಸುವ ಬಟ್ಟೆ ತರುವುದರೊಳಗೆ ನಾನು ಮೊಣಕಾಲೂರಿ ಕುಳಿತು, ಕಲ್ಲಿನಿಂದ ಸಣ್ಣ ಸಣ್ಣ ಗುಳ್ಳೆ ಏಳುವುದನ್ನು ನೋಡತೊಡಗಿದ್ದೆ. ನೀವೂ ಒಮ್ಮೆ ನೋಡಿ. ಆದರೆ ಮನೆಯವರು ಊರಲ್ಲಿಲ್ಲದಾಗ. ಕಲ್ಲುಗಳನ್ನೇ ಓದಿ, ಕಲ್ಲುಗಳದ್ದೇ ಪಾಠ ಹೇಳಿ ತಲೆ ನರೆತರೂ ಆ ಗುಳ್ಳೆ ಕಂಡರೆ ನನಗೆ ಮೈ ಜುಮ್ಮೆನ್ನುತ್ತದೆ. ಅದಕ್ಕೆ ಕಾರಣ ನನ್ನ ವಿದ್ಯೆಯಲ್ಲ, ಶಹಾಬಾದದ ಹತ್ತಿರದ ವಾಡಿಯಲ್ಲಿದ್ದ ನಮ್ಮ ಸೋದರತ್ತಿ.

ಅತ್ತಿಯ ದೇವರ ಕೋಣೆಯ ಒಂದು ಪರಸಿಯಲ್ಲಿ ಕಪ್ಪು ಗಿಡವೊಂದು ತಾನಾಗಿ ಮೂಡಿತ್ತು. ಕೊಂಬೆ, ಎಲೆ ಎಲ್ಲವೂ ಇದ್ದ ಗಿಡ. ಕಲ್ಲೊಳಗೆ ತುಳಸಿ ನೆಲೆಸಿದ್ದಾಳೆಂದು ನಂಬಿ, ಮದುವೆಯಾಗಿ ಬಂದಂದಿನಿಂದ ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿದವಳು ಅವಳು. ನಾನೋ ಆಗಷ್ಟೇ ಕಾಲೇಜಿನಲ್ಲಿ ಭೂವಿಜ್ಞಾನಕ್ಕೆ ಸೇರಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಕೇಳಬೇಕೆ? ರಜೆಗೆ ಹೋದವನೇ, "ಅತ್ತಿ, ಅದು ಗಿಡ ಅಲ್ಲ. ಕಲ್ಲಿನ ಬಿರುಕಿನ್ಯಾಗ ನೀರು ಇಳದು ಬಿಟ್ಟ ಕರಿ ಕಲಿ. ಈ ಪರಸೀನೂ ಹಿಂದ ಇಲ್ಲಿದ್ದ ಸಮುದ್ರದ ರಾಡಿ" ಎಂದುಬಿಟ್ಟೆ.

"ಸಮುದ್ರ? ನಮ್ಮ ವಾಡ್ಯಾಗ?" ಅತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನು ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿ, "ನೋಡಿಲ್ಲಿ, ಆಗ ಕಲ್ಲಾಗ ಅಡಗಿದ ಗಾಳಿ ಈಗ ಹೊರಗ ಬರಾಕತ್ತದ" ಎಂದೆ.

ಅತ್ತಿಯ ನಗು ನಿಂತಿತು. "ಅಯ್ಯಯ್ಯ, ಇದು ಉಸರಾಡಾಕತ್ತದಲ್ಲೋ ತಮ್ಮಾ!"

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಉಡಿಯಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಓಣಿಯ ಮನೆಮನೆಗೂ ಹೋದಳು. "ಬರ್ರಿ, ಬರ್ರಿ! ನಿಮ್ಮ ಮನಿ ಕಲ್ಲೂ ಉಸರಾಡ್ತದ, ನೋಡ್ರಿ!" ಯಾರ ಹೊಸ್ತಿಲೂ ಉಳಿಯಲಿಲ್ಲ. ಕೊನೆಯ ಹಣ್ಣು ಹಿಡಿದು ಮನೆಗೆ ಬಂದವಳು ನೆಟ್ಟಗೆ ದೇವರ ಕೋಣೆಗೆ ನಡೆದಾಗ ಮಾತ್ರ ನನಗೆ ಹೆದರಿಕೆಯಾಯಿತು.

"ಬ್ಯಾಡ ಅತ್ತಿ, ಕಲಿ ಉಳೀತದ."

"ಉಳೀಲಿ. ತುಳಸಿಗಿ ಉಸರು ಇದ್ರೂ ಗೊತ್ತಾಗ್ಲಿ, ಇಲ್ಲಂದ್ರೂ ಗೊತ್ತಾಗ್ಲಿ. ಸುಳ್ಳಿಗಿ ಕೈ ಮುಗೀಬಾರ್ದು."

ಹಿಂಡಿದಳು. ಸುತ್ತಲಿನ ಬೋಳು ಕಲ್ಲು ನೊರೆಯೆದ್ದಿತು. ಕಪ್ಪು ಕೊಂಬೆ ಮಾತ್ರ ಸುಮ್ಮನಿತ್ತು. ಅತ್ತಿ ಬಗ್ಗಿ ಎರಡನ್ನೂ ಮತ್ತೆ ಮತ್ತೆ ನೋಡಿದಳು. ಇಷ್ಟು ವರ್ಷದ ಅವಳ ತುಳಸಿ ಹೋಯಿತಲ್ಲ ಎಂದು ನನಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಇಣುಕಿ ನೋಡಿದೆ. ಕುಂಕುಮ ಗಿಡದ ಮೇಲಿರಲಿಲ್ಲ. ಪಕ್ಕದಲ್ಲಿ ನೊರೆಯೆದ್ದ ಬೋಳು ಕಲ್ಲಿನ ಮೇಲಿತ್ತು! ಅತ್ತಿಯ ಮುಖದಲ್ಲಿ ಹಬ್ಬದ ಕಳೆ. "ಉಸರಾಡಿದ್ದು ಇದು ತಮ್ಮಾ. ಇಷ್ಟ್ ದಿನ ಇದನ್ನ ತುಳಕೋತ ಹೋಗಿ ಅದಕ್ಕ ಕೈ ಮುಗದೀನಿ ನೋಡು, ಎಂಥಾ ಹುಚ್ಚಿ!" ಅಂದಿನಿಂದ ಅವಳು ಎದ್ದೊಡನೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೇ ಕಾಲಿಡುತ್ತಿದ್ದಳು.

ಗುಳ್ಳೆ ಹುಳಿಯ ಕೆಲಸ, ಉಸಿರಲ್ಲ, ನನಗೆ ಗೊತ್ತು. ಆದರೆ ಕಣ್ಣಾರೆ ಕಂಡದ್ದಕ್ಕೆ ಮಣಿದು, ತಮ್ಮ ಜೀವದಂಥ ನಂಬಿಕೆಯನ್ನು ಒಂದೇ ದಿನದಲ್ಲಿ ಕದಲಿಸಿದವರು ನಮ್ಮ ವಿಜ್ಞಾನಿಗಳ ಸಭೆಗಳಲ್ಲಿ ನನಗೆ ಹೆಚ್ಚು ಸಿಕ್ಕಿಲ್ಲ. ಕದಲಿಸಿ ಮತ್ತೆ ಅಷ್ಟೇ ಸಂತೋಷಪಟ್ಟವರಂತೂ ಸಿಕ್ಕೇ ಇಲ್ಲ.

ನಿನ್ನೆಯ ನಾಲ್ಕು ಹನಿಗಳ ಕಲೆ ಹೋಗಿಲ್ಲ. ಇವತ್ತು ಹಾಸಿಗೆಯಿಂದ ಕಾಲಿಳಿಸುವ ಮೊದಲು ಬಗ್ಗಿ ನೆಲ ಮುಟ್ಟಿದೆ. ತಣ್ಣಗಿತ್ತು.

"ಏನ್ ಹುಡುಕಾಕತ್ತೀರಿ?" ಎಂದಳು ಹೆಂಡತಿ.

"ಸಿಕ್ತು, ಸಿಕ್ತು!" ಎಂದೆ, ಅತ್ತಿಯ ಹಾಗೆ ಓಣಿಗೆಲ್ಲ ಕೇಳುವಂತೆ.